ಕ್ವೀನ್, ಲೇಡಿ, ಮದರ್, ಮೇಡಂ: ಸ್ತ್ರೀಯರ ಗೌರವ ಸೂಚಿಸುವ ಇಂಗ್ಲಿಷ್ ಪದಗಳು

ಚರ್ಚ್‌ನ ಆಮಂತ್ರಣ ಪತ್ರಿಕೆ, ಸ್ಮರಣ ಸಂಚಿಕೆ, ವಾರ್ಷಿಕ ವರದಿ, ಸಭಾ ನಡಾವಳಿ - ಇವುಗಳನ್ನು ಬರೆಯುವವರೆಲ್ಲರಿಗೂ ಎದುರಾಗುವ ಒಂದು ಪ್ರಶ್ನೆ ಇದೆ. ಸ್ತ್ರೀಯೊಬ್ಬರ ಹೆಸರಿನ ಹಿಂದೆ ಯಾವ ಪದ ಬರೆಯಬೇಕು? ಮಿಸೆಸ್ ಎನ್ನಬೇಕೋ, ಮಿಸ್ ಎನ್ನಬೇಕೋ, ಮೇಡಂ ಎನ್ನಬೇಕೋ? ಕಾನ್ವೆಂಟಿನ ಮುಖ್ಯಸ್ಥೆಯನ್ನು ಮದರ್ ಎನ್ನಬೇಕೋ, ಸಿಸ್ಟರ್ ಎನ್ನಬೇಕೋ? ಪುರುಷರಿಗೆ ಮಿಸ್ಟರ್ ಎಂಬ ಒಂದೇ ಪದ ಸಾಕಾದರೆ ಸ್ತ್ರೀಯರಿಗೆ ಮಾತ್ರ ಏಕೆ ಇಷ್ಟೊಂದು ಪದಗಳು?

ಈ ಪದಗಳ ಮೂಲವನ್ನು ತಿಳಿದುಕೊಂಡರೆ ಉತ್ತರ ಸುಲಭವಾಗುತ್ತದೆ. ಇಂಗ್ಲಿಷಿನಲ್ಲಿ ಸ್ತ್ರೀಯರ ಗೌರವ ಪದಗಳು ಎರಡು ಬಗೆ. ಕೆಲವು ಪದಗಳು ಆಕೆ ಯಾರ ಹೆಂಡತಿ ಅಥವಾ ಯಾರ ಮಗಳು ಎಂಬುದನ್ನು ಹೇಳುತ್ತವೆ. ಇನ್ನು ಕೆಲವು ಆಕೆ ಸ್ವತಃ ಹೊತ್ತಿರುವ ಹೊಣೆಯನ್ನು ಹೇಳುತ್ತವೆ. ಪ್ರತಿ ಪದವನ್ನೂ ಈ ದೃಷ್ಟಿಯಿಂದ ನೋಡೋಣ.

ಕ್ವೀನ್

ಹಳೆಯ ಇಂಗ್ಲಿಷಿನಲ್ಲಿ ಈ ಪದಕ್ಕೆ ಸ್ತ್ರೀ, ಹೆಂಡತಿ, ವಿಶೇಷವಾಗಿ ರಾಜನ ಹೆಂಡತಿ ಎಂಬ ಅರ್ಥವಿತ್ತು. ಗ್ರೀಕಿನ 'ಗುನೆ', ಸಂಸ್ಕೃತದ 'ಜನಿ' ಇದೇ ಕುಟುಂಬದ ಪದಗಳು. ಪ್ರಿನ್ಸ್ ಎಂಬುದರಿಂದ ಪ್ರಿನ್ಸೆಸ್ ಆದಂತೆ ಕಿಂಗ್ ಎಂಬುದರಿಂದ ಕ್ವೀನ್ ಹುಟ್ಟಲಿಲ್ಲ. ಅದು ಸ್ವತಂತ್ರ ಪದ. ಇದೇ ಬೇರಿನಿಂದ ಬಂದ, ಕೇಳಲು ಹಾಗೆಯೇ ಇರುವ ಮತ್ತೊಂದು ಪದ ಇಂಗ್ಲಿಷಿನಲ್ಲಿತ್ತು. ಅದಕ್ಕೂ ಮೊದಲು ಸ್ತ್ರೀ ಎಂದಷ್ಟೇ ಅರ್ಥ. ಕಾಲಕ್ರಮದಲ್ಲಿ ಅದು ನಡತೆಗೆಟ್ಟವಳು ಎಂಬ ಬೈಗುಳವಾಗಿ ಕೆಳಗಿಳಿಯಿತು. ಒಂದೇ ಬೇರಿನ ಎರಡು ಪದಗಳಲ್ಲಿ ಒಂದು ಸಿಂಹಾಸನ ಏರಿತು, ಮತ್ತೊಂದು ಬೀದಿಗೆ ಬಿತ್ತು.

ಕ್ವೀನ್ ಎಂದರೆ ಎಲ್ಲರೂ ಒಂದೇ ಅಲ್ಲ. ಸ್ವಂತ ಹಕ್ಕಿನಿಂದ ಆಳುವವರು ಕ್ವೀನ್ ರೆಗ್ನಂಟ್. ರಾಜನ ಪತ್ನಿ ಕ್ವೀನ್ ಕಾನ್ಸರ್ಟ್. ರಾಜನ ವಿಧವೆ ಕ್ವೀನ್ ಡೊವೆಜರ್. ಆಕೆ ಆಳುತ್ತಿರುವವರ ತಾಯಿಯೂ ಆಗಿದ್ದರೆ ಕ್ವೀನ್ ಮದರ್. ಇಂಗ್ಲೆಂಡಿನಲ್ಲಿ 1553ರಲ್ಲಿ ಒಂದನೇ ಮೇರಿ ಪಟ್ಟಕ್ಕೆ ಬಂದಾಗ, ಸ್ತ್ರೀಗೆ ರಾಜನಷ್ಟೇ ಅಧಿಕಾರ ಇದೆಯೇ ಎಂಬ ಪ್ರಶ್ನೆ ಎದ್ದಿತು. ರಾಣಿಯ ಅಧಿಕಾರ ರಾಜನ ಅಧಿಕಾರಕ್ಕೆ ಸಮ ಎಂದು 1554ರಲ್ಲಿ ಸಂಸತ್ತು ಕಾನೂನನ್ನೇ ಮಾಡಬೇಕಾಯಿತು. 1952ರಿಂದ 2022ರವರೆಗೆ ಇದ್ದ ಎರಡನೇ ಎಲಿಜಬೆತ್ ಆಳುವ ರಾಣಿ. 2022ರಲ್ಲಿ ರಾಣಿಯಾದ ಕಮಿಲ್ಲಾ ರಾಜನ ಪತ್ನಿಯಾಗಿ ರಾಣಿ. ರಾಜನ ಪತ್ನಿ ಕ್ವೀನ್ ಆಗುತ್ತಾರೆ, ಆದರೆ ಆಳುವ ರಾಣಿಯ ಪತಿ ಕಿಂಗ್ ಆಗುವುದಿಲ್ಲ. ಎರಡನೇ ಎಲಿಜಬೆತ್ ಅವರ ಪತಿ ಫಿಲಿಪ್ ಪ್ರಿನ್ಸ್ ಆಗಿಯೇ ಉಳಿದರು. ಕಿಂಗ್ ಎಂದರೆ ಕ್ವೀನ್‌ಗಿಂತ ಮೇಲು ಎಂಬ ಹಳೆಯ ಎಣಿಕೆಯೇ ಇದಕ್ಕೆ ಕಾರಣ.

ನಮ್ಮ ಕರಾವಳಿಯವರಿಗೆ ಈ ವ್ಯತ್ಯಾಸ ಹೊಸದಲ್ಲ. 16ನೇ ಶತಮಾನದಲ್ಲಿ ಪೋರ್ಚುಗೀಸರನ್ನು ಎದುರಿಸಿದ ಉಳ್ಳಾಲದ ಅಬ್ಬಕ್ಕ ರಾಜನ ಹೆಂಡತಿಯೆಂದು ರಾಣಿಯಾದವಳಲ್ಲ. ಅಳಿಯಸಂತಾನ ಪದ್ಧತಿಯ ಚೌಟ ಮನೆತನದಲ್ಲಿ ತನ್ನ ಹಕ್ಕಿನಿಂದಲೇ ಗದ್ದುಗೆ ಏರಿದವಳು. ಇಂಗ್ಲಿಷ್ ಲೆಕ್ಕದಲ್ಲಿ ಆಕೆ ಕ್ವೀನ್ ರೆಗ್ನಂಟ್.

ಲೇಡಿ

ಲೇಡಿ ಎಂಬುದರ ಹಳೆಯ ರೂಪ 'ಹ್ಲಾಫ್‌ದಿಗೆ'. ಹ್ಲಾಫ್ ಎಂದರೆ ರೊಟ್ಟಿ, ಅಂದರೆ ಇಂದಿನ ಲೋಫ್. ಎರಡನೇ ಭಾಗಕ್ಕೆ ಹಿಟ್ಟು ನಾದುವವಳು ಎಂದು ಅರ್ಥ. ಲಾರ್ಡ್ ಎಂಬುದರ ಹಳೆಯ ರೂಪ 'ಹ್ಲಾಫ್‌ವೇರ್ಡ್', ರೊಟ್ಟಿಯನ್ನು ಕಾಯುವವನು. ಮನೆಯವರಿಗೆಲ್ಲ ಅನ್ನ ನೀಡುವ ಹೊಣೆ ಹೊತ್ತವರೇ ಒಡೆಯ ಮತ್ತು ಒಡತಿ ಎಂಬ ಭಾವನೆ ಇಲ್ಲಿದೆ.

ಬ್ರಿಟಿಷ್ ಪದ್ಧತಿಯಲ್ಲಿ ನೈಟ್ ಪದವಿ ಪಡೆದವರ ಪತ್ನಿ ಲೇಡಿ. ಆಗ ಕುಟುಂಬದ ಹೆಸರು ಮಾತ್ರ ಸೇರಿಸಬೇಕು. ಡ್ಯೂಕ್, ಮಾರ್ಕ್ವಿಸ್, ಅರ್ಲ್ ಇವರ ಹೆಣ್ಣುಮಕ್ಕಳೂ ಲೇಡಿ. ಆಗ ಸ್ವಂತ ಹೆಸರು ಸೇರಿಸಬೇಕು. ಅರ್ಲ್ ಒಬ್ಬರ ಮಗಳಾದ್ದರಿಂದ 1981ರ ಮದುವೆಗೆ ಮುಂಚೆ ಡಯಾನಾ ಅವರು ಲೇಡಿ ಡಯಾನಾ ಸ್ಪೆನ್ಸರ್ ಆಗಿದ್ದರು.

ಕನ್ಯಾ ಮರಿಯಮ್ಮನವರನ್ನು ಇಂಗ್ಲಿಷಿನಲ್ಲಿ ಅವರ್ ಲೇಡಿ ಎನ್ನುತ್ತಾರೆ. ಫ್ರೆಂಚರ ನೋತ್ರ್ ದಾಮ್, ಪೋರ್ಚುಗೀಸರ ನೊಸ್ಸ ಸೆನ್ಯೋರ ಇವುಗಳ ಅರ್ಥವೂ ಅದೇ, ನಮ್ಮ ಒಡತಿ. ಕೊಂಕಣಿಯ ಸಾಯ್ಬಿಣ್ ಎಂಬ ಪದವೂ ಸಾಯ್ಬ್ ಎಂಬುದರ ಸ್ತ್ರೀಲಿಂಗ, ಅಂದರೆ ಒಡತಿಯೇ. ಆದರೆ ಕನ್ನಡದಲ್ಲಿ ನಾವು ಆರೋಗ್ಯ ಮಾತೆ, ಲೂರ್ದು ಮಾತೆ, ಫಾತಿಮಾ ಮಾತೆ ಎನ್ನುತ್ತೇವೆ. ಇಂಗ್ಲಿಷಿನ ಒಡತಿ ಕನ್ನಡಕ್ಕೆ ಬರುವಾಗ ತಾಯಿಯಾಗುತ್ತಾಳೆ. ಭಾಷಾಂತರ ಮಾಡುವವರು ಇದನ್ನು ನೆನಪಿನಲ್ಲಿಡಬೇಕು. ಮಾರ್ಚ್ 25ರ ದೇವದೂತರ ಸಂದೇಶದ ಹಬ್ಬಕ್ಕೆ ಇಂಗ್ಲೆಂಡಿನಲ್ಲಿ ಲೇಡಿ ಡೇ ಎಂದು ಹೆಸರು. 1752ರಲ್ಲಿ ಪಂಚಾಂಗ ಬದಲಾಗುವವರೆಗೆ ಅಲ್ಲಿ ಕಾನೂನಿನ ಪ್ರಕಾರ ಹೊಸ ವರ್ಷ ಆರಂಭವಾಗುತ್ತಿದ್ದುದೂ ಅದೇ ದಿನ.

ಡೇಮ್ ಮತ್ತು ಮೇಡಂ

ಲ್ಯಾಟಿನಿನ 'ದೋಮಿನಾ' ಎಂದರೆ ಮನೆಯ ಒಡತಿ. ಇದೇ ಫ್ರೆಂಚಿನಲ್ಲಿ ದಾಮ್, ಇಟಾಲಿಯನಿನಲ್ಲಿ ದೊನ್ನಾ, ಪೋರ್ಚುಗೀಸಿನಲ್ಲಿ ದೋನ ಆಯಿತು. ಇಂಗ್ಲಿಷಿಗೆ ಅದು ಡೇಮ್ ಆಗಿ ಬಂತು. 'ನನ್ನ' ಎಂಬುದನ್ನು ಸೇರಿಸಿದಾಗ ಮೇಡಂ, ಮದೋನ್ನಾ ಆದವು.

1917ರಲ್ಲಿ ಆರ್ಡರ್ ಆಫ್ ದಿ ಬ್ರಿಟಿಷ್ ಎಂಪೈರ್ ಸ್ಥಾಪನೆಯಾದಾಗ ಪುರುಷರ ಸರ್ ಎಂಬುದಕ್ಕೆ ಸಮನಾಗಿ ಸ್ತ್ರೀಯರಿಗೆ ಡೇಮ್ ಬಿರುದು ಬಂತು. ಇದು ಗಂಡನಿಂದ ಬರುವುದಲ್ಲ, ಸ್ವಂತ ಸಾಧನೆಗೆ ಸಿಗುವುದು. ಸರ್ ಆದವರ ಪತ್ನಿ ಲೇಡಿ ಆಗುತ್ತಾರೆ; ಡೇಮ್ ಆದವರ ಪತಿಗೆ ಮಾತ್ರ ಯಾವ ಬಿರುದೂ ಸಿಗುವುದಿಲ್ಲ. ಇಂಗ್ಲೆಂಡಿನ ಬೆನೆಡಿಕ್ಟಿನ್ ಸನ್ಯಾಸಿನಿಯರನ್ನೂ ಪರಂಪರೆಯಂತೆ ಡೇಮ್ ಎಂದು ಕರೆಯುವುದುಂಟು. ಆದರೆ ಅಮೆರಿಕದ ಆಡುಮಾತಿನಲ್ಲಿ ಡೇಮ್ ಎಂದರೆ ಯಾವುದೋ ಒಬ್ಬ ಹೆಂಗಸು ಎಂಬ ಹಗುರ ಅರ್ಥ ಬಂದಿದೆ.

ಮೇಡಂ ಪದದ ಗತಿಯೂ ಹೀಗೆಯೇ. ಇಂಗ್ಲಿಷಿನಲ್ಲಿ ಅದಕ್ಕೆ ವೇಶ್ಯಾಗೃಹ ನಡೆಸುವವಳು ಎಂಬ ಅರ್ಥವೂ ಸೇರಿಕೊಂಡಿತು. ಆದರೂ ಸಭಾಧ್ಯಕ್ಷರ ಪೀಠದ ಮುಂದೆ ಅದು ಗೌರವದ ಪದವೇ. 1992ರಲ್ಲಿ ಬೆಟ್ಟಿ ಬೂತ್ರಾಯ್ಡ್ ಅವರು ಬ್ರಿಟನ್ನಿನ ಹೌಸ್ ಆಫ್ ಕಾಮನ್ಸ್‌ನ ಮೊದಲ ಮಹಿಳಾ ಸ್ಪೀಕರ್ ಆದಾಗ ಸದಸ್ಯರು ಅವರನ್ನು ಮೇಡಂ ಸ್ಪೀಕರ್ ಎಂದೇ ಸಂಬೋಧಿಸಿದರು. ನಮ್ಮ ಕರ್ನಾಟಕದ ವಿಧಾನಸಭೆಯಲ್ಲಿ ಅದಕ್ಕೆ 20 ವರ್ಷ ಮೊದಲೇ, 1972ರಲ್ಲಿ, ಕೆ.ಎಸ್. ನಾಗರತ್ನಮ್ಮ ಸಭಾಧ್ಯಕ್ಷರಾಗಿದ್ದರು ಎಂಬುದು ಗಮನಾರ್ಹ. ಭಾರತದಲ್ಲಿ ಮೇಡಂ ಎಂಬುದು ಶಿಕ್ಷಕಿ, ಅಧಿಕಾರಿ, ವೈದ್ಯೆ ಎಲ್ಲರಿಗೂ ಸಲ್ಲುವ ಗೌರವದ ಕರೆ; ಇಲ್ಲಿ ಅದಕ್ಕೆ ಕಳಂಕ ತಟ್ಟಿಲ್ಲ.

ಡಚೆಸ್, ಕೌಂಟೆಸ್, ಬ್ಯಾರನೆಸ್

ಬ್ರಿಟಿಷ್ ಸರದಾರ ಪದವಿಗಳಲ್ಲಿ ಐದು ಮೆಟ್ಟಿಲುಗಳಿವೆ. ಮೇಲಿನಿಂದ ಕೆಳಕ್ಕೆ ಡಚೆಸ್, ಮಾರ್ಷನೆಸ್, ಕೌಂಟೆಸ್, ವೈಕೌಂಟೆಸ್, ಬ್ಯಾರನೆಸ್. ಅರ್ಲ್ ಎಂಬುದು ಅಪ್ಪಟ ಇಂಗ್ಲಿಷ್ ಪದ. ಆದರೆ ಅದಕ್ಕೆ ಸ್ತ್ರೀಲಿಂಗವೇ ಇಲ್ಲದ್ದರಿಂದ ಅರ್ಲ್‌ನ ಪತ್ನಿಗೆ ಫ್ರೆಂಚಿನಿಂದ ಬಂದ ಕೌಂಟೆಸ್ ಎಂಬ ಹೆಸರನ್ನು ಕೊಟ್ಟರು.

ಈ ಪದವಿಗಳು ಬಹುಮಟ್ಟಿಗೆ ಗಂಡನಿಂದ ಬರುತ್ತಿದ್ದವು. 1958ರ ಲೈಫ್ ಪಿಯರೇಜಸ್ ಕಾನೂನಿನಿಂದ ಮೊದಲ ಬಾರಿಗೆ ಸ್ತ್ರೀಯರು ಹೌಸ್ ಆಫ್ ಲಾರ್ಡ್ಸ್‌ನಲ್ಲಿ ಕುಳಿತುಕೊಳ್ಳುವಂತಾಯಿತು. ಮಾರ್ಗರೆಟ್ ಥ್ಯಾಚರ್ ಅವರದು ಒಳ್ಳೆಯ ಉದಾಹರಣೆ. 1979ರಿಂದ 1990ರವರೆಗೆ ಪ್ರಧಾನಿಯಾಗಿದ್ದ ಅವರು ಅಧಿಕಾರ ಬಿಟ್ಟ ಮೇಲೆ ಪತಿಗೆ ಬ್ಯಾರೊನೆಟ್ ಪದವಿ ದೊರೆಯಿತು. ಅದರಿಂದಲೇ ಅವರು ಲೇಡಿ ಥ್ಯಾಚರ್ ಎನಿಸಿಕೊಳ್ಳಬಹುದಿತ್ತು. 1992ರಲ್ಲಿ ಅವರು ಸ್ವಂತ ಹಕ್ಕಿನಿಂದ ಬ್ಯಾರನೆಸ್ ಆದರು. ಬ್ಯಾರನೆಸ್‌ಗೂ ಲೇಡಿ ಎಂದೇ ಕರೆ. ಕಿವಿಗೆ ಬೀಳುವ ಪದ ಒಂದೇ, ಅದರ ಹಿಂದಿನ ಹಕ್ಕು ಬೇರೆ.

ಮಿಸ್ಟ್ರೆಸ್, ಮಿಸೆಸ್, ಮಿಸ್, ಮಿಝ್

ಇಂಗ್ಲಿಷಿನಲ್ಲಿ ಅತಿ ಹೆಚ್ಚು ಕೆಳಗಿಳಿದ ಪದ ಮಿಸ್ಟ್ರೆಸ್. ಮಾಸ್ಟರ್ ಎಂದರೆ ಯಜಮಾನ, ಗುರು, ನಿಪುಣ. ಮಿಸ್ಟ್ರೆಸ್ ಎಂದರೆ ಯಜಮಾನಿ, ಗುರು, ನಿಪುಣೆ. 1755ರಲ್ಲಿ ಸ್ಯಾಮ್ಯುವೆಲ್ ಜಾನ್ಸನ್ ಪ್ರಕಟಿಸಿದ ನಿಘಂಟಿನಲ್ಲಿ ಆಳುವವಳು, ಕಲಿಸುವವಳು ಮುಂತಾದ ಅರ್ಥಗಳು ಮೊದಲು ಬಂದು, ಇಟ್ಟುಕೊಂಡವಳು ಎಂಬ ಅರ್ಥ ಕೊನೆಯಲ್ಲಿದೆ. ಇಂದು ಬರಿಯ ಮಿಸ್ಟ್ರೆಸ್ ಎಂದರೆ ಮೊದಲು ಹೊಳೆಯುವುದು ಆ ಕೊನೆಯ ಅರ್ಥವೇ. ಮಾಸ್ಟರ್ ಮಾತ್ರ ಇದ್ದಲ್ಲೇ ಇದ್ದಾನೆ. ಹೆಡ್‌ಮಿಸ್ಟ್ರೆಸ್, ನೊವಿಸ್ ಮಿಸ್ಟ್ರೆಸ್ ಎಂಬ ಜೋಡಿ ಪದಗಳಲ್ಲಿ ಹಳೆಯ ಗೌರವ ಉಳಿದಿದೆ. ಏಕೆಂದರೆ ಅಲ್ಲಿ ಪದದ ಜೊತೆ ಒಂದು ಹುದ್ದೆಯೂ ಇದೆ.

ಮಿಸೆಸ್ ಮತ್ತು ಮಿಸ್ ಎರಡೂ ಮಿಸ್ಟ್ರೆಸ್ ಪದದ ಸಂಕ್ಷಿಪ್ತ ರೂಪಗಳು. ಮೊದಲಿಗೆ ಮಿಸೆಸ್ ಎಂಬುದು ಮದುವೆಯ ಗುರುತಾಗಿರಲಿಲ್ಲ, ಅಂತಸ್ತಿನ ಗುರುತಾಗಿತ್ತು. ಅವಿವಾಹಿತೆಯಾಗಿಯೇ ಬದುಕಿದ ಲೇಖಕಿ ಹನ್ನಾ ಮೋರ್ ಅವರನ್ನು ಜನ ಮಿಸೆಸ್ ಹನ್ನಾ ಮೋರ್ ಎನ್ನುತ್ತಿದ್ದರು. ದೊಡ್ಡ ಮನೆಗಳ ಮೇಲ್ವಿಚಾರಕಿಯರೂ ಮದುವೆಯಾಗದಿದ್ದರೂ ಮಿಸೆಸ್ ಆಗಿದ್ದರು. ಕ್ರಮೇಣ ಮಿಸೆಸ್ ವಿವಾಹಿತೆಗೆ, ಮಿಸ್ ಅವಿವಾಹಿತೆಗೆ ಎಂದು ಹಂಚಿಕೆಯಾಯಿತು. 19ನೇ ಶತಮಾನದಲ್ಲಿ ಮಿಸೆಸ್ ಎಂದು ಬರೆದು ಗಂಡನ ಪೂರ್ಣ ಹೆಸರನ್ನೇ ಮುಂದೆ ಸೇರಿಸುವ ರೂಢಿ ಬೇರೂರಿತು. ಅಲ್ಲಿಗೆ ಹೆಂಡತಿಯ ಸ್ವಂತ ಹೆಸರು ಕಾಗದದಿಂದಲೇ ಮಾಯವಾಯಿತು.

ಕನ್ನಡದ ಶ್ರೀಮತಿಯ ಕಥೆಯೂ ಇದೇ. ಶ್ರೀ ಉಳ್ಳವಳು ಶ್ರೀಮತಿ. ಶ್ರೀಮಾನ್ ಎಂಬುದರ ಸ್ತ್ರೀಲಿಂಗ. ಮದುವೆಯ ಮಾತು ಅದರಲ್ಲಿಲ್ಲ. ಆದರೂ ರೂಢಿಯಲ್ಲಿ ಅದು ವಿವಾಹಿತೆಯ ಗುರುತಾಗಿ ಬಿಟ್ಟಿದೆ.

ಮದುವೆಯ ವಿಚಾರ ಎತ್ತದೆ ಸ್ತ್ರೀಯನ್ನು ಗೌರವಿಸಲು ಮಿಝ್ ಎಂಬ ರೂಪ ಬಂತು. ಅಮೆರಿಕದ ಮಸಾಚುಸೆಟ್ಸ್‌ನ ಪತ್ರಿಕೆಯೊಂದು 1901ರಲ್ಲೇ ಇದನ್ನು ಸೂಚಿಸಿತ್ತು. 1970ರ ದಶಕದಲ್ಲಿ ಅದು ಪ್ರಚಾರಕ್ಕೆ ಬಂತು. ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ 1986ರಲ್ಲಿ ಅದನ್ನು ಒಪ್ಪಿಕೊಂಡಿತು.

ಗವರ್ನೆಸ್ ಮತ್ತು ಮೇಟ್ರನ್

ಗವರ್ನೆಸ್ ಎಂದರೆ ಮೊದಲು ಆಳುವವಳು ಎಂದೇ ಅರ್ಥ. ಮುಂದೆ ಅದು ಶ್ರೀಮಂತರ ಮನೆಯಲ್ಲಿದ್ದು ಮಕ್ಕಳಿಗೆ ಪಾಠ ಹೇಳುವ ಸಂಬಳದ ಶಿಕ್ಷಕಿಯ ಹೆಸರಾಯಿತು. 1847ರಲ್ಲಿ ಪ್ರಕಟವಾದ ಶಾರ್ಲೆಟ್ ಬ್ರಾಂಟೆಯ ಜೇನ್ ಐರ್ ಕಾದಂಬರಿಯ ನಾಯಕಿ ಅಂಥವಳು. ಗವರ್ನರ್ ರಾಜಭವನದಲ್ಲಿ, ಗವರ್ನೆಸ್ ಮಕ್ಕಳ ಕೋಣೆಯಲ್ಲಿ! ಆದ್ದರಿಂದಲೇ ರಾಜ್ಯಪಾಲೆಯನ್ನು ಇಂದು ಯಾರೂ ಗವರ್ನೆಸ್ ಎನ್ನುವುದಿಲ್ಲ. 1999ರಿಂದ 2002ರವರೆಗೆ ಕರ್ನಾಟಕದಲ್ಲಿದ್ದ ವಿ.ಎಸ್. ರಮಾದೇವಿ, 2009ರಲ್ಲಿ ಉತ್ತರಾಖಂಡಕ್ಕೆ ನೇಮಕಗೊಂಡ ಮಂಗಳೂರು ಮೂಲದ ಮಾರ್ಗರೆಟ್ ಆಳ್ವ ಇಬ್ಬರೂ ಗವರ್ನರ್‌ಗಳೇ.

ಮೇಟ್ರನ್ ಎಂಬುದು ಲ್ಯಾಟಿನಿನ ತಾಯಿ ಎಂಬ ಪದದಿಂದ ಬಂದದ್ದು. ರೋಮನ್ನರಲ್ಲಿ ಗೌರವಸ್ಥ ಗೃಹಿಣಿ, ಮುಂದೆ ಆಸ್ಪತ್ರೆಯ ದಾದಿಯರ ಮುಖ್ಯಸ್ಥೆ. ಬ್ರಿಟನ್ನಿನಲ್ಲಿ ದಾದಿಯರಲ್ಲಿ ವಾರ್ಡಿನ ಮೇಲ್ವಿಚಾರಕಿಗೆ ಸಿಸ್ಟರ್ ಎಂಬ ಹೆಸರಿದೆ. ಧರ್ಮಭಗಿನಿಯರು ರೋಗಿಗಳ ಆರೈಕೆ ಮಾಡುತ್ತಿದ್ದ ಕಾಲದ ನೆನಪು ಅದರಲ್ಲಿದೆ. ನಮ್ಮಲ್ಲಿ ಎಲ್ಲ ದಾದಿಯರೂ ಸಿಸ್ಟರ್ ಆಗಿದ್ದಾರೆ.

ಅಬ್ಬೆಸ್ ಮತ್ತು ಪ್ರಯೊರೆಸ್

ಇವು ಮಠಗಳಿಂದ ಬಂದ ಪದಗಳು. ಯೇಸುಸ್ವಾಮಿ ಆಡಿದ ಅರಮಾಯಿಕ್ ಭಾಷೆಯ 'ಅಬ್ಬಾ' ಎಂದರೆ ತಂದೆ. ಅದರಿಂದ ಅಬ್ಬಟ್, ಅದರ ಸ್ತ್ರೀಲಿಂಗ ಅಬ್ಬೆಸ್. ಆಕೆ ಮಠದ ಒಡತಿ. ಗಂಡನಿಂದಾಗಲಿ ತಂದೆಯಿಂದಾಗಲಿ ಈ ಪದವಿ ಬರುವುದಿಲ್ಲ. ಸಹೋದರಿಯರ ಆಯ್ಕೆಯಿಂದ ಬರುತ್ತದೆ.

ಇಂಗ್ಲೆಂಡಿನ ಸಂತ ಹಿಲ್ಡಾ ಇದಕ್ಕೆ ಅತ್ಯುತ್ತಮ ಉದಾಹರಣೆ. 657ರಲ್ಲಿ ಅವರು ವಿಟ್ಬಿಯಲ್ಲಿ ಮಠ ಸ್ಥಾಪಿಸಿದರು. ಅಲ್ಲಿ ಸನ್ಯಾಸಿಗಳೂ ಸನ್ಯಾಸಿನಿಯರೂ ಇದ್ದರು, ಇಬ್ಬರಿಗೂ ಹಿಲ್ಡಾ ಅವರೇ ಮುಖ್ಯಸ್ಥೆ. ಪಾಸ್ಖ ಹಬ್ಬದ ದಿನಾಂಕ ನಿರ್ಧರಿಸಿದ 664ರ ಸಿನೋದ್ ನಡೆದದ್ದು ಅವರ ಮಠದಲ್ಲೇ. ಅಲ್ಲಿ ಕಲಿತವರಲ್ಲಿ ಐವರು ಬಿಷಪರಾದರು. ಅರಸರೂ ಅವರ ಸಲಹೆ ಕೇಳಲು ಬರುತ್ತಿದ್ದರು. 680ರಲ್ಲಿ ಅವರು ತೀರಿಕೊಂಡರು. ಅವರನ್ನು ಬಲ್ಲವರೆಲ್ಲ ತಾಯಿ ಎಂದೇ ಕರೆಯುತ್ತಿದ್ದರು ಎಂದು ಚರಿತ್ರೆಕಾರ ಸಂತ ಬೀಡ್ 731ರಲ್ಲಿ ಮುಗಿಸಿದ ಗ್ರಂಥದಲ್ಲಿ ದಾಖಲಿಸಿದ್ದಾರೆ. ಎಂಟನೇ ಹೆನ್ರಿ 1536ರಿಂದ 1540ರ ನಡುವೆ ಇಂಗ್ಲೆಂಡಿನ ಮಠಗಳನ್ನು ಮುಚ್ಚಿಸಿದಾಗ ಆ ದೇಶದಲ್ಲಿ ಅಬ್ಬೆಸ್ ಪದವಿಯೂ ಇಲ್ಲವಾಯಿತು. ಸ್ತ್ರೀಯರು ತಮ್ಮ ಹೊಣೆಯಿಂದಲೇ ಗಳಿಸಬಹುದಾಗಿದ್ದ ಒಂದು ದೊಡ್ಡ ಸ್ಥಾನ ಅಲ್ಲಿಗೆ ಹೋಯಿತು.

ಪ್ರಯೊರೆಸ್ ಎಂದರೆ ಮೊದಲನೆಯವಳು. ಅಬ್ಬೆಸ್ ಇರುವ ಮಠದಲ್ಲಿ ಆಕೆ ಎರಡನೆಯ ಸ್ಥಾನದವಳು. ಕಾರ್ಮೆಲ್‌ನಂತಹ ಸಭೆಗಳಲ್ಲಿ ಆಕೆಯೇ ಮಠದ ಮುಖ್ಯಸ್ಥೆ.

ನನ್, ಸಿಸ್ಟರ್, ಮದರ್

ಸಾಮಾನ್ಯ ಮಾತಿನಲ್ಲಿ ನನ್ ಮತ್ತು ಸಿಸ್ಟರ್ ಒಂದೇ ಎನಿಸಿದರೂ ಧರ್ಮಸಭೆಯ ಬಳಕೆಯಲ್ಲಿ ವ್ಯತ್ಯಾಸವಿದೆ. ಆವರಣದೊಳಗೆ ಪ್ರಾರ್ಥನಾ ಜೀವನ ನಡೆಸುವವರು ನನ್. ಶಾಲೆ, ಆಸ್ಪತ್ರೆ, ಸಮಾಜಸೇವೆಯಲ್ಲಿ ತೊಡಗಿದವರು ಸಿಸ್ಟರ್. ಇಂತಹ ಸಿಸ್ಟರ್‌ಗಳ ಸಭೆಗಳಿಗೆ ಜಗದ್ಗುರು 13ನೇ ಲಿಯೋ 1900ರಲ್ಲಿ ಪೂರ್ಣ ಮಾನ್ಯತೆ ನೀಡಿದರು. ಮಂಗಳೂರಿನಲ್ಲಿ ಎರಡೂ ಬಗೆಯವರು 1870ರಿಂದ ಇದ್ದಾರೆ. ಕಾರ್ಮೆಲ್ ಮಠದ ಆವರಣವಾಸಿಗಳು ಒಂದು ಕಡೆ. 1871ರಲ್ಲಿ ಇಲ್ಲಿಯೇ ವ್ರತ ಸ್ವೀಕರಿಸಿದ ಮರಿಯಂ ಬವಾರ್ದಿ 2015ರಲ್ಲಿ ಸಂತರಾದರು. ಶಿಕ್ಷಣ ಸೇವೆಯ ಅಪೊಸ್ತಲಿಕ್ ಕಾರ್ಮೆಲ್ ಭಗಿನಿಯರು ಇನ್ನೊಂದು ಕಡೆ. 1868ರಲ್ಲಿ ಫ್ರಾನ್ಸಿನ ಬಯೋನ್‌ನಲ್ಲಿ ಈ ಸಭೆಯನ್ನು ಸ್ಥಾಪಿಸಿದವರು ಇಂಗ್ಲಿಷ್ ಮಹಿಳೆ ಮದರ್ ವೆರೋನಿಕಾ.

ಮದರ್ ಎಂಬುದು ಸ್ಥಾಪಕಿಯರಿಗೂ ಮುಖ್ಯಸ್ಥೆಯರಿಗೂ ಸಲ್ಲುವ ಪದ. ಕೆಲವು ಸಭೆಗಳಲ್ಲಿ ಅಂತಿಮ ವ್ರತ ತೆಗೆದುಕೊಂಡವರೆಲ್ಲರೂ ಮದರ್ ಆಗುತ್ತಿದ್ದರು. ಕೊಲ್ಕತ್ತಾದ ಸಂತ ತೆರೇಸಾ ಮದರ್ ಎನಿಸಿಕೊಂಡದ್ದು ತಮ್ಮದೇ ಸಭೆ ಸ್ಥಾಪಿಸಿದ ಮೇಲೆ ಎಂದು ಅನೇಕರ ಭಾವನೆ. ಹಾಗಲ್ಲ. 1937ರ ಮೇ 24ರಂದು ಲೊರೆಟೊ ಸಭೆಯಲ್ಲಿ ಅಂತಿಮ ವ್ರತ ಸ್ವೀಕರಿಸಿದಾಗಲೇ, ಅಲ್ಲಿನ ರೂಢಿಯಂತೆ, ಅವರು ಮದರ್ ತೆರೇಸಾ ಆದರು. ಎರಡನೇ ವ್ಯಾಟಿಕನ್ ಮಹಾಸಭೆಯ ನಂತರ ಅನೇಕ ಸಭೆಗಳು ಮದರ್ ಬಿಟ್ಟು ಎಲ್ಲರಿಗೂ ಸಿಸ್ಟರ್ ಎಂಬ ಒಂದೇ ಪದವನ್ನು ಆರಿಸಿಕೊಂಡಿವೆ. ಹುದ್ದೆಯನ್ನು ಹೆಸರಿನ ನಂತರ ಹೇಳುತ್ತವೆ: ಸುಪೀರಿಯರ್ ಜನರಲ್, ಪ್ರೊವಿನ್ಶಿಯಲ್, ಸುಪೀರಿಯರ್.

ಸ್ತ್ರೀಲಿಂಗ ಬೇಡದ ಪದವಿಗಳು

ಇಂಗ್ಲಿಷಿನಲ್ಲಿ ಒಂದು ಕಾಲಕ್ಕೆ ಡಾಕ್ಟ್ರೆಸ್ ಎಂಬ ಪದವೂ ಇತ್ತು. ಅದು ಉಳಿಯಲಿಲ್ಲ. ಇಂದು ಡಾಕ್ಟರ್, ಪ್ರೊಫೆಸರ್, ಜಡ್ಜ್, ಮಿನಿಸ್ಟರ್, ಡೈರೆಕ್ಟರ್ ಎಲ್ಲವೂ ಇಬ್ಬರಿಗೂ ಒಂದೇ. ಆವಿಲಾದ ಸಂತ ತೆರೇಸಾ ಮತ್ತು ಸಿಯೆನಾದ ಸಂತ ಕ್ಯಾಥರಿನ್ 1970ರಲ್ಲಿ, ಲಿಸಿಯೂನ ಸಂತ ತೆರೇಸಾ 1997ರಲ್ಲಿ, ಬಿಂಗನ್‌ನ ಸಂತ ಹಿಲ್ಡೆಗಾರ್ಡ್ 2012ರಲ್ಲಿ ಧರ್ಮಸಭೆಯ ಪಂಡಿತರೆಂದು ಘೋಷಿತರಾದರು. ಸಂತ ಅಗಸ್ಟಿನರಿಗೆ ಸಲ್ಲುವ ಡಾಕ್ಟರ್ ಪದವೇ ಇವರಿಗೂ ಸಲ್ಲುತ್ತದೆ. 2025ರ ಜನವರಿಯಲ್ಲಿ ಸಿಸ್ಟರ್ ಸಿಮೋನಾ ಬ್ರಾಂಬಿಲ್ಲಾ ವ್ಯಾಟಿಕನ್ನಿನ ಒಂದು ಇಲಾಖೆಯ ಮುಖ್ಯಸ್ಥೆಯಾದ ಮೊದಲ ಮಹಿಳೆ. ಇಂಗ್ಲಿಷಿನಲ್ಲಿ ಅವರ ಪದವಿ ಪ್ರಿಫೆಕ್ಟ್, ಹಿಂದಿನ ಕಾರ್ಡಿನಲರಿಗೆ ಇದ್ದದ್ದೇ.

ಇನ್ನು ಕೆಲವು ಕಡೆ ಹೊಸ ಪದವೇ ಬೇಕಾಯಿತು. ಇಂಗ್ಲೆಂಡಿನ ಮುಖ್ಯ ನ್ಯಾಯಾಧೀಶರು ಶತಮಾನಗಳಿಂದ ಲಾರ್ಡ್ ಚೀಫ್ ಜಸ್ಟಿಸ್ ಆಗಿದ್ದರು. 2023ರಲ್ಲಿ ಸ್ಯೂ ಕಾರ್ ಆ ಸ್ಥಾನಕ್ಕೆ ಬಂದಾಗ ಹೆಸರು ಲೇಡಿ ಚೀಫ್ ಜಸ್ಟಿಸ್ ಎಂದು ಬದಲಾಯಿತು. ನಮ್ಮ ದೇಶದಲ್ಲಿ ಹಾಗಾಗಲಿಲ್ಲ. 2007ರಲ್ಲಿ ಪ್ರತಿಭಾ ಪಾಟೀಲ್ ಆಯ್ಕೆಯಾದಾಗ ರಾಷ್ಟ್ರಪತಿ ಎಂಬ ಪದದ ಬಗ್ಗೆ ಚರ್ಚೆ ನಡೆಯಿತಾದರೂ ಪದ ಹಾಗೆಯೇ ಉಳಿಯಿತು.

ನಮ್ಮ ಬರವಣಿಗೆಗೆ ಕೆಲವು ಸೂಚನೆಗಳು

1. ಸ್ತ್ರೀಯ ಸ್ವಂತ ಹೆಸರನ್ನು ಮೊದಲು ಬರೆಯಿರಿ. ಮಿಸೆಸ್ ಎಂದು ಬರೆದು ಗಂಡನ ಹೆಸರನ್ನು ಮಾತ್ರ ಕೊಟ್ಟರೆ, ದಾನಿಗಳ ಪಟ್ಟಿಯಲ್ಲಾಗಲಿ ಸಂಘದ ಹಳೆಯ ಪದಾಧಿಕಾರಿಗಳ ಪಟ್ಟಿಯಲ್ಲಾಗಲಿ ಐವತ್ತು ವರ್ಷಗಳ ನಂತರ ಆಕೆ ಯಾರೆಂದು ಯಾರಿಗೂ ತಿಳಿಯದು. ಧರ್ಮಸಭೆಯ ಕಾನೂನಿನಂತೆ ಜ್ಞಾನಸ್ನಾನದ ದಾಖಲೆಯಲ್ಲಿ ತಂದೆಯ ಹೆಸರಿನಂತೆ ತಾಯಿಯ ಹೆಸರೂ ಇರುತ್ತದೆ. ಸ್ಮರಣ ಸಂಚಿಕೆಯಲ್ಲೂ ಅದೇ ಕ್ರಮ ಇರಲಿ.

2. ಆಕೆಗೆ ಹುದ್ದೆಯೋ ಪದವಿಯೋ ಇದ್ದರೆ ಅದನ್ನೇ ಬಳಸಿರಿ. ವೇದಿಕೆಯಲ್ಲಿ ಪುರುಷ ವೈದ್ಯರನ್ನು ಡಾಕ್ಟರ್ ಎಂದು, ಪಕ್ಕದ ಮಹಿಳಾ ವೈದ್ಯರನ್ನು ಮಿಸೆಸ್ ಎಂದು ಕರೆಯುವುದು ಸರಿಯಲ್ಲ.

3. ಮದುವೆಯ ವಿಷಯ ತಿಳಿಯದಿದ್ದರೆ ಇಂಗ್ಲಿಷಿನಲ್ಲಿ ಮಿಝ್ ಬಳಸಬಹುದು. ವ್ಯಕ್ತಿಯನ್ನೇ ಕೇಳಿ ತಿಳಿದುಕೊಳ್ಳುವುದು ಇನ್ನೂ ಉತ್ತಮ.

4. ಧರ್ಮಭಗಿನಿಯರ ಹೆಸರಿನ ನಂತರ ಸಭೆಯ ಸಂಕ್ಷಿಪ್ತ ಅಕ್ಷರಗಳನ್ನು ಮರೆಯಬೇಡಿ. ಎಲ್ಲ ಮುಖ್ಯಸ್ಥೆಯರನ್ನೂ ಮದರ್ ಎನ್ನಬೇಡಿ; ಆ ಸಭೆಯ ರೂಢಿ ಏನೆಂದು ವಿಚಾರಿಸಿರಿ.

5. ಲೇಡಿ ಡಾಕ್ಟರ್, ಲೇಡಿ ಟೀಚರ್ ಎಂಬ ಬಳಕೆ ಬೇಡ. ಅಲ್ಲಿ ಲೇಡಿ ಗೌರವದ ಪದವಾಗಿರದೆ ಬರಿಯ ಲಿಂಗದ ಗುರುತಾಗುತ್ತದೆ.

6. ನೊವಿಸ್ ಮಿಸ್ಟ್ರೆಸ್ ಎಂಬುದನ್ನು ಎಂದೂ ಬರಿಯ ಮಿಸ್ಟ್ರೆಸ್ ಎಂದು ಮೊಟಕುಗೊಳಿಸಬೇಡಿ.

ಪದಗಳ ಈ ಚರಿತ್ರೆಯಿಂದ ಒಂದು ಮಾತು ಸ್ಪಷ್ಟ. ಹಿಂದೆ ಹುದ್ದೆಯೊಂದು ನಿಂತಿದ್ದ ಪದಗಳು ಗೌರವ ಉಳಿಸಿಕೊಂಡವು. ಬರಿಯ ಉಪಚಾರದ ಪದಗಳು ಎಷ್ಟೇ ಎತ್ತರದಲ್ಲಿ ಹುಟ್ಟಿದರೂ ಕೆಳಗಿಳಿದವು. ಆದ್ದರಿಂದ ನಮ್ಮ ಮಹಿಳೆಯರಿಗೆ ಒಳ್ಳೆಯ ಪದ ಹುಡುಕುವುದಷ್ಟೇ ಸಾಲದು. ಪಾಲನಾ ಪರಿಷತ್ತಿನಲ್ಲಿ, ಹಣಕಾಸು ಸಮಿತಿಯಲ್ಲಿ, ಸಂಘಗಳಲ್ಲಿ ಅವರಿಗೆ ಹೊಣೆಯನ್ನೂ ಕೊಡಬೇಕು. ಆಗ ಅವರ ಹೆಸರಿನ ಮುಂದೆ ಏನು ಬರೆಯಬೇಕೆಂಬ ಪ್ರಶ್ನೆ ತಾನಾಗಿ ಬಗೆಹರಿಯುತ್ತದೆ.